ನನ್ನ ಮೈದುನನ ಎರಡನೇ ಬ್ರೇಕು

ಬರೆದುಕೋ. ನನ್ನ ಮೈದುನನ ವಿಷಯ ಹೇಳುತ್ತೇನೆ ಎಂದು ಎಷ್ಟು ದಿನದಿಂದ ಆಟ ಆಡಿಸುತ್ತಿದ್ದೇನೆ. ಇವತ್ತು ಮಂಡಿ ಸ್ವಲ್ಪ ಸುಮ್ಮನಿದೆ, ಹೇಳಿಬಿಡುತ್ತೇನೆ. ನಡುವೆ ನಾನು ಎಲ್ಲಿಗಾದರೂ ಹೊರಟುಹೋದರೆ ಕೈಹಿಡಿದು ವಾಪಸ್ ಕರೆದುಕೊಂಡು ಬಾ.

ಅವನು ಮೂವತ್ತೊಂದು ವರ್ಷ ಊರಿಗೆಲ್ಲ ಕಾರು ಓಡಿಸುವುದನ್ನು ಕಲಿಸಿದವನು. ಅವನ ನಿಜವಾದ ಹೆಸರು ಕರೆಂಟಿನ ಬಿಲ್ಲಿನಲ್ಲಿ ಮಾತ್ರ ಇತ್ತು. ಊರಿಗೆ ಅವನು ಬ್ರೇಕ್ ಮೇಷ್ಟ್ರು. ಕಲಿಸುವ ಕಾರಿನಲ್ಲಿ ಎರಡು ಬ್ರೇಕ್ ಇರುತ್ತವೆ, ಗೊತ್ತಲ್ಲ? ಕಲಿಯುವವರ ಕಾಲಡಿ ಒಂದು, ಪಕ್ಕದಲ್ಲಿ ಕೂತ ಮೇಷ್ಟರ ಕಾಲಡಿ ಇನ್ನೊಂದು. ಆ ಎರಡನೆಯದರ ಮೇಲೆ ಇವನ ಕಾಲು ಇಟ್ಟಿದ್ದೇ ಇಟ್ಟಿದ್ದು. ಬಲಗಾಲಿನ ಬೂಟು ಎಡಗಾಲಿನದಕ್ಕಿಂತ ಮೊದಲೇ ಸವೆದುಹೋಗುತ್ತಿತ್ತು. ಚಪ್ಪಲಿ ಹೊಲಿಯುವವನು ಪ್ರತಿ ಸಲ ಕೇಳುತ್ತಿದ್ದ, "ಏನ್ ಸ್ವಾಮಿ, ಒಂದೇ ಕಾಲಲ್ಲಿ ನಡೀತೀರಾ?" ಮನೆಯಲ್ಲಿ ಊಟಕ್ಕೆ ಕೂತಾಗ ಯಾರಾದರೂ ನೀರಿನ ಜಗ್ಗನ್ನು ಮೇಜಿನ ಮೇಲೆ ಜೋರಾಗಿ ತಳ್ಳಿದರೆ ಸಾಕು, ಕೆಳಗೆ ಇವನ ಕಾಲು ನೆಲ ಒತ್ತುತ್ತಿತ್ತು. ಎದುರಿಗೆ ಕೂತಿದ್ದರೆ ನನ್ನ ಕಾಲೇ ಸಿಗುತ್ತಿತ್ತು. ನನ್ನ ಹೆಬ್ಬೆರಳಿಗೆ ಅವನ ಪರಿಚಯ ಚೆನ್ನಾಗಿದೆ.

ಶಾಲೆ ಎಂದರೆ ಏನು ಮಹಾ? ಟೈರ್ ಅಂಗಡಿಯ ಪಕ್ಕದ ಒಂದೇ ಕೋಣೆ. ಗೋಡೆ ತುಂಬ ರಸ್ತೆ ಫಲಕಗಳ ಚಿತ್ರ, ಒಂದು ಬೆಂಚು, ಒಂದು ಮೇಜು, ಹೊರಗೆ ಒಂದು ಬಿಳಿ ಕಾರು. ಕೋಣೆಗೆಲ್ಲ ರಬ್ಬರಿನ ವಾಸನೆ. ಅವನ ಹೆಂಡತಿ, ನನ್ನ ವಾರಗಿತ್ತಿ, ಅವನ ಅಂಗಿಗಳನ್ನು ಎರಡೆರಡು ಸಲ ಒಗೆಯುತ್ತಿದ್ದಳು. "ನಾನು ಮದುವೆ ಆಗಿದ್ದು ಮನುಷ್ಯನನ್ನೋ ಟ್ಯೂಬನ್ನೋ" ಎನ್ನುತ್ತಿದ್ದಳು. ಆದರೆ ಆ ಕೋಣೆಯಿಂದಲೇ ಅವರ ಮನೆ ನಡೆದಿದ್ದು. ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಗೋಡೆಗೆ ಮೊಳೆ ಹೊಡೆಯಲು ಹೇಳಿದರೆ ನೋಡುವವರಿಗೆ ಗೋಡೆಯ ಮೇಲೆ ಕರುಣೆ ಬರುತ್ತಿತ್ತು.

ನಾನು ಅವನ ಹತ್ತಿರ ಕಲಿಯಲು ಹೋದಾಗ ನನಗೆ ಅರವತ್ತಮೂರು. ನಿಮ್ಮ ತಾತನ ಕಣ್ಣಿಗೆ ಆಪರೇಷನ್ ಆಗಿ, ಡಾಕ್ಟರು ಇನ್ನು ಗಾಡಿ ಮುಟ್ಟಬೇಡಿ ಎಂದರು. ನಮ್ಮ ಕಾರು ಶೆಡ್ಡಿನಲ್ಲಿ ಹೊದಿಕೆ ಹೊದ್ದು ಮಲಗಿತು. ಒಂದು ದಿನ ಹೊದಿಕೆ ಎತ್ತಿ ನೋಡಿದರೆ ಹಿಂದಿನ ಸೀಟಿನಲ್ಲಿ ಬೆಕ್ಕು ನಾಲ್ಕು ಮರಿ ಹಾಕಿಕೊಂಡು ಕೂತಿದೆ. ಕಿಟಕಿ ಎರಡು ಬೆರಳು ತೆರೆದಿತ್ತಂತೆ. ನೀವ್ಯಾರು ಎನ್ನುವ ಹಾಗೆ ನನ್ನನ್ನೇ ನೋಡಿತು. ಆ ಬೆಕ್ಕಿನ ಕಥೆ ಇನ್ನೊಂದಿದೆ, ಈಗ ಬೇಡ. ಬೆಕ್ಕಿಗಿರುವ ಹಕ್ಕು ನನಗಿಲ್ಲವೇ ಎಂದು ರೋಷ ಬಂತು. ಮಾರನೇ ದಿನವೇ ಮೈದುನನ ಬೆಂಚಿನ ಮೇಲೆ ಹೋಗಿ ಕೂತೆ.

"ಅತ್ತಿಗೆ, ಈ ವಯಸ್ಸಲ್ಲಿ ಯಾಕೆ ಇದೆಲ್ಲ?" ಎಂದ.

"ನಿನ್ನ ಅಣ್ಣನ್ನ ಕಣ್ಣಿನ ಡಾಕ್ಟರ ಹತ್ರ ಯಾರು ಕರ್ಕೊಂಡು ಹೋಗ್ತಾರೆ, ಬೆಕ್ಕಾ?"

ನಕ್ಕ. ಕೀಲಿಕೈ ಕೊಟ್ಟ.

ಅವನ ಪಾಠದ ರೀತಿಯೇ ಬೇರೆ. "ಕ್ಲಚ್ ಅಂದ್ರೆ ಹೂವಿನ ಮೇಲೆ ಕಾಲಿಟ್ಟ ಹಾಗೆ ಇಡಬೇಕು, ಅತ್ತಿಗೆ."

"ಹೂವಿನ ಮೇಲೆ ಯಾರಯ್ಯ ಕಾಲಿಡ್ತಾರೆ?"

"ಸರಿ, ಮೊಟ್ಟೆ ಅಂದ್ಕೊಳ್ಳಿ."

ಎಂಟು ವಾರ ಹೀಗೆ ಕಳೆಯಿತು. ಗೇರು ಬಂತು, ತಿರುವು ಬಂತು, ಕನ್ನಡಿ ನೋಡುವುದು ಬಂತು. ಬ್ರೇಕಿನಲ್ಲಂತೂ ನಾನು ಎತ್ತಿದ ಕೈ ಎಂದುಕೊಂಡಿದ್ದೆ. ನಿಲ್ಲಬೇಕು ಎಂದು ಮನಸ್ಸಿನಲ್ಲಿ ಅಂದುಕೊಳ್ಳುವಷ್ಟರಲ್ಲಿ ಕಾರು ನಿಂತೇಬಿಡುತ್ತಿತ್ತು. ಮನೆಗೆ ಬಂದು ತಾತನ ಮುಂದೆ ಜಂಬ ಕೊಚ್ಚಿದ್ದೇ ಕೊಚ್ಚಿದ್ದು. ಅವರು ಕಪ್ಪು ಕನ್ನಡಕದ ಒಳಗಿಂದ "ಹೂಂ, ಹೂಂ" ಎನ್ನುತ್ತಿದ್ದರು. ನನಗೆ ಪರೀಕ್ಷೆಗೆ ಇನ್ನು ಒಂಬತ್ತು ದಿನ ಇತ್ತು.

ಆ ದಿನ ಮಧ್ಯಾಹ್ನ ಅವನ ಹಳೆಯ ಮೆಕ್ಯಾನಿಕ್ಕು ಗ್ಯಾರೇಜನ್ನು ಶಾಶ್ವತವಾಗಿ ಮುಚ್ಚಿ ನಿವೃತ್ತನಾಗುವವನಿದ್ದ. ಇಪ್ಪತ್ತೈದು ವರ್ಷ ಆ ಬಿಳಿ ಕಾರಿನ ಹೊಟ್ಟೆ ಕೆಳಗೆ ಮಲಗಿದವನು. ಎಲ್ಲರಿಗೂ ಊಟ ಹಾಕಿಸಿದ, ಕುಡಿಯಲೂ ಕೊಟ್ಟ. ನನ್ನ ಮೈದುನ ಕುಡುಕನಲ್ಲ, ಅದನ್ನು ದಪ್ಪ ಅಕ್ಷರದಲ್ಲಿ ಬರೆ. ವರ್ಷಕ್ಕೆ ಒಂದು ಸಲ ಕುಡಿದರೂ ಎರಡು ದಿನ ತಲೆ ಹಿಡಿದುಕೊಂಡು ಕೂರುವ ಪೈಕಿ. ಆದರೆ ಅವತ್ತು ಗೆಳೆಯ ಅತ್ತ, ಇವನೂ ಅತ್ತ, ಎರಡೂವರೆ ಲೋಟ ಬಿಯರ್ ಒಳಗೆ ಹೋಯಿತು. ನಾಲ್ಕು ಗಂಟೆಗೆ ನನ್ನ ಪಾಠ.

ಬಾಯಲ್ಲಿ ಪೆಪ್ಪರ್‌ಮಿಂಟು ಹಾಕಿಕೊಂಡು ಬಂದ. ಕಾರಿನ ಬಾಗಿಲನ್ನು ಎರಡು ಸಲ ಹಾಕಿದ.

"ಏನಯ್ಯ, ಕುಡಿದಿದ್ದೀಯಾ?" ಎಂದೆ.

"ಎರಡೂವರೆ ಲೋಟ. ಓಡಿಸೋರು ನೀವು ಅತ್ತಿಗೆ, ನಾನಲ್ಲ. ನಾನು ಬರೀ ಕೂತಿರ್ತೀನಿ."

ಆಗಲೇ ನಾನು ಇಳಿದು ಮನೆಗೆ ನಡೆದುಬಿಡಬೇಕಿತ್ತು. ಇಳಿಯಲಿಲ್ಲ. ಪರೀಕ್ಷೆ ಹತ್ತಿರ ಬಂತು ಎನ್ನುವ ಆಸೆ. ಆ ತಪ್ಪು ನನ್ನದು, ಅದನ್ನೂ ಬರೆ.

ಸೇತುವೆಯ ಈಚೆ ಟ್ರಾಫಿಕ್ಕಿನವರು ರಸ್ತೆಗೆ ಅಡ್ಡಲಾಗಿ ಆ ಕೇಸರಿ ಬಣ್ಣದ ಟೋಪಿಗಳನ್ನು, ಅದೇ ಪ್ಲಾಸ್ಟಿಕ್ ಕೋನುಗಳನ್ನು, ಇಟ್ಟುಕೊಂಡು ನಿಂತಿದ್ದರು. ಇನ್‌ಸ್ಪೆಕ್ಟರಮ್ಮ ಕೈ ಎತ್ತಿದಳು. ನಿಲ್ಲಬೇಕು ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡೆ. ಕಾರು ನಿಂತಿತು. ಆದರೆ ಅವತ್ತು ನಿಲ್ಲುವುದಕ್ಕೆ ಮೊದಲು ಅದರ ಮೂತಿ ಒಂದು ಕೋನಿಗೆ ತಾಗಿತು. ಕೋನು ಮಧ್ಯಾಹ್ನದ ನಿದ್ದೆಗೆ ಒರಗುವವರ ಹಾಗೆ ಮೆಲ್ಲಗೆ ಮಲಗಿಕೊಂಡಿತು.

ಇನ್‌ಸ್ಪೆಕ್ಟರಮ್ಮ ಕಿಟಕಿಗೆ ಬಗ್ಗಿದಳು. ಅವಳೂ ಇವನ ಶಿಷ್ಯೆಯೇ, ಎರಡು ಸಲ ಫೇಲಾಗಿ ಮೂರನೇ ಸಲ ಪಾಸಾದವಳು. ಕುಡಿದಿದ್ದನ್ನು ಅಳೆಯುವ ಯಂತ್ರಕ್ಕೆ ನನ್ನಿಂದ ಊದಿಸಿದಳು, ಏನೂ ಇರಲಿಲ್ಲ. ಪೆಪ್ಪರ್‌ಮಿಂಟಿನ ವಾಸನೆ ಅವಳ ಮೂಗಿಗೆ ಹೋಯಿತು. ಇವನಿಂದಲೂ ಊದಿಸಿದಳು. ಯಂತ್ರದ ಮೇಲಿನ ಅಂಕಿ ನೋಡಿ ಅವಳ ಮುಖ ಸಣ್ಣದಾಯಿತು. ಮಿತಿಗಿಂತ ಸ್ವಲ್ಪವೇ ಮೇಲೆ.

"ಮೇಷ್ಟ್ರೇ, ಇದೇನಿದು?" ಎಂದಳು. ಆಮೇಲೆ ಅವಳು ಹೇಳಿದ್ದನ್ನು ಗಮನ ಇಟ್ಟು ಕೇಳು, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. "ಕಲಿಯೋರ ಪಕ್ಕ ಕುಡಿದು ಕೂತಿದ್ರೆ ಅದಕ್ಕೆ ದಂಡ ಅಷ್ಟೇ, ಕಟ್ಟಿ ಮನೆಗೆ ಹೋಗಬಹುದು. ಕುಡಿದು ಗಾಡಿ ಓಡಿಸಿದ್ರೆ, ಆ ಬ್ರೇಕ್ ಒತ್ತಿದ್ರೂ ಓಡಿಸಿದ ಹಾಗೇ, ಅದು ಇನ್ನೊಂದು ಮೆಟ್ಟಿಲು ಮೇಲೆ. ಕೋರ್ಟು, ಲೈಸೆನ್ಸು ಎಲ್ಲ ಬರುತ್ತೆ. ನೀವು ಬರೀ ಕೂತಿದ್ರಿ, ಅಲ್ವಾ? ಗಾಡಿ ನಿಲ್ಲಿಸಿದ್ದು ಈ ಅಮ್ಮನೇ ತಾನೇ?"

ಬಾಯಿಗೆ ತುತ್ತು ಇಟ್ಟ ಹಾಗೆ ಕೇಳಿದಳು. ನುಂಗಿದ್ದರೆ ಸಾಕಿತ್ತು. ನಾನು ಹೌದು ಎನ್ನಲು ಬಾಯಿ ತೆರೆದೆ.

"ಇವರಾ?" ಎಂದ ನನ್ನ ಮೈದುನ. ಮೂವತ್ತೊಂದು ವರ್ಷದ ಮೇಷ್ಟ್ರತನ ನೆತ್ತಿಗೇರಿತ್ತು. "ಇವರು ಇನ್ನೂ ಕಾಲೇ ಎತ್ತಿರಲಿಲ್ಲ. ಇವರನ್ನ ನಂಬಿದ್ರೆ ನೀನು ಈಗ ಬಾನೆಟ್ ಮೇಲೆ ಇರ್ತಿದ್ದೆ. ಒತ್ತಿದ್ದು ನಾನು."

ಇನ್‌ಸ್ಪೆಕ್ಟರಮ್ಮ ಪೆನ್ನು ಹಿಡಿದು ಸ್ವಲ್ಪ ಹೊತ್ತು ಆಕಾಶ ನೋಡಿದಳು. ಆಮೇಲೆ ಬರೆದಳು.

ಮನೆಗೆ ಸುದ್ದಿ ಹೋದಾಗ ನನ್ನ ವಾರಗಿತ್ತಿ ಅವನನ್ನು ಬಯ್ಯಲಿಲ್ಲ. ಅಡುಗೆಮನೆಯ ಪಾತ್ರೆಗಳನ್ನೆಲ್ಲ ಕೆಳಗಿಳಿಸಿ ತೊಳೆದಳು, ತೊಳೆದಿದ್ದವನ್ನೂ ಸೇರಿಸಿ. ಬಯ್ದಿದ್ದರೆ ಎಷ್ಟೋ ವಾಸಿ ಇತ್ತು. ಅವನು ಸ್ಟೂಲಿನ ಮೇಲೆ ಕೂತು ಒಂದೊಂದು ಸದ್ದಿಗೂ ಕಾಲು ಒತ್ತುತ್ತಿದ್ದ. ಮಾರನೇ ಬೆಳಿಗ್ಗೆ ಅವಳು ನನ್ನ ಹತ್ತಿರ ಬಂದಳು.

"ಅಕ್ಕ, ಲೈಸೆನ್ಸು ಹೋದ್ರೆ ಕಲಿಸೋ ಸರ್ಟಿಫಿಕೇಟೂ ಹೋಗುತ್ತೆ. ಅದು ತಿರುಗಿ ಸಿಗುತ್ತೋ ಇಲ್ವೋ. ಸಿಗದೆ ಇದ್ರೆ ಇವರು ಏನು ಮಾಡ್ತಾರೆ ಹೇಳು, ಮೊಳೆ ಹೊಡೀತಾರಾ? ಕೋರ್ಟಲ್ಲಿ ನೀನು ಒಂದು ಮಾತು ಹೇಳಿಬಿಡು. ಬ್ರೇಕ್ ಒತ್ತಿದ್ದು ನೀನೇ ಅಂತ."

ಒಪ್ಪಿಕೊಂಡೆ. ಒಪ್ಪದೆ ಏನು ಮಾಡಲಿ, ಕೈ ಹಿಡಿದುಕೊಂಡಿದ್ದಳು, ಅದೂ ಪಾತ್ರೆ ಉಜ್ಜಿ ಉಜ್ಜಿ ಕೆಂಪಾದ ಕೈ.

ಕೋರ್ಟಿನ ಹೊರಗೆ ಉದ್ದದ ಮರದ ಬೆಂಚು. ಹಲ್ಲಿನ ಡಾಕ್ಟರ ಹತ್ತಿರ ಕೂತ ಹಾಗೆ, ಒಳಗಿನ ಸದ್ದಿಗೆ ಕಿವಿಕೊಟ್ಟು ಕೂರುವುದು. ಅವತ್ತು ಕುಡಿದು ಓಡಿಸಿದವರ ಸರದಿಯೇ ಇತ್ತು. ನಮಗಿಂತ ಮೊದಲು ಒಬ್ಬ ಸೋಫಾ ಮಾರುವವನು ಹೋದ. ಮೊದಲ ಸಲ ಸಿಕ್ಕಿಬಿದ್ದವನು, ಖಾಲಿ ರಸ್ತೆ, ಯಾರಿಗೂ ಏನೂ ಆಗಿಲ್ಲ. ದಂಡ, ಆರು ತಿಂಗಳು ಲೈಸೆನ್ಸು ಇಲ್ಲ. ಹೊರಗೆ ಬಂದು ಬೆವರು ಒರೆಸಿಕೊಂಡ. ಆಮೇಲೆ ಒಬ್ಬ ಕಂಟ್ರಾಕ್ಟರು, ಹೊಳೆಯುವ ಬೂಟಿನವನು. ಮೂರು ವರ್ಷದೊಳಗೆ ಇದು ಎರಡನೇ ಸಲ, ಅಂಕಿಯೂ ಮಿತಿಯ ಎರಡರಷ್ಟು. ಅವನಿಗೆ ಎರಡು ವರ್ಷ ಗಾಡಿ ಇಲ್ಲ, ಹದಿನೈದು ದಿನ ಜೈಲು. ಹೋಗುವಾಗ ಫೋನಿನಲ್ಲಿ ಮಾತಾಡಿಕೊಂಡು ಹೋದವನು ಬರುವಾಗ ಫೋನು ಕೈಯಲ್ಲಿರುವುದನ್ನೇ ಮರೆತಿದ್ದ, ಅದರೊಳಗಿಂದ ಯಾರೋ ಹಲೋ ಹಲೋ ಎನ್ನುತ್ತಿದ್ದರು. ಮೂರನೆಯವನು ಒಬ್ಬ ವ್ಯಾನ್ ಡ್ರೈವರು. ಒಬ್ಬ ಟೈಲರಮ್ಮನಿಗೆ ಗುದ್ದಿ ಕಾಲು ಮುರಿದಿದ್ದ. ಅವನಿಗೆ ಒಂದು ವರ್ಷದ ಜೈಲು. ಆ ಟೈಲರಮ್ಮ ಊರುಗೋಲು ಹಿಡಿದು ನಮ್ಮ ಪಕ್ಕದಲ್ಲೇ ಕೂತಿದ್ದಳು.

"ಯಾವ ಕಾಲಮ್ಮ?" ಎಂದು ನನ್ನ ಮೈದುನ ಕೇಳಿದ.

"ಮಷೀನು ತುಳಿಯೋ ಕಾಲು," ಎಂದಳು.

ಅವನು ತನ್ನ ಬಲಗಾಲಿನ ಬೂಟನ್ನು ನೋಡುತ್ತಾ ಕೂತ. ನಮ್ಮನ್ನು ಕರೆಯುವವರೆಗೂ ತಲೆ ಎತ್ತಲಿಲ್ಲ.

ನ್ಯಾಯಾಧೀಶೆ ನನಗಿಂತ ಹತ್ತು ವರ್ಷ ಚಿಕ್ಕವಳಿರಬೇಕು. ಮೂಗಿನ ತುದಿಗೆ ಕನ್ನಡಕ. ಮೇಜಿನ ಮೇಲೆ ಫೈಲುಗಳ ನಡುವೆ ಒಂದು ಸಣ್ಣ ಬಳ್ಳಿ ಇಟ್ಟಿದ್ದಳು, ನೀರು ಕಾಣದೆ ಬಾಡಿತ್ತು. ನೀರು ಹಾಕು ತಾಯಿ ಎಂದು ಹೇಳಬೇಕು ಎನಿಸಿತು, ನನ್ನನ್ನು ಕರೆದಿದ್ದು ಅದಕ್ಕಲ್ಲ ಎಂದು ಸುಮ್ಮನಾದೆ. ನಮ್ಮ ವಕೀಲರು ಎದ್ದು, ಇವರು ಬರೀ ಪಕ್ಕದಲ್ಲಿ ಕೂತಿದ್ದರು, ಬ್ರೇಕ್ ಒತ್ತಿದ್ದು ಅತ್ತಿಗೆ, ರಸ್ತೆಯಲ್ಲಿ ಹೇಳಿದ್ದು ಅಮಲಿನ ಮಾತು ಎಂದರು.

"ನೀವೇ ಒತ್ತಿದ್ರಾ?" ಎಂದು ಅವಳು ನನ್ನನ್ನು ಕೇಳಿದಳು.

"ಹೌದಮ್ಮ."

"ಕೋನು ಎಷ್ಟು ದೂರ ಇದ್ದಾಗ ಒತ್ತಿದ್ರಿ?"

ಇದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. "ಒಂದು ಮೂವತ್ತು ಅಡಿ," ಎಂದುಬಿಟ್ಟೆ. ಕೇಳಲು ಚೆನ್ನಾಗಿತ್ತು.

ಹಿಂದಿನಿಂದ ಗಂಟಲು ಕೆಮ್ಮಿದ ಸದ್ದು. ನನಗೆ ಆ ಕೆಮ್ಮು ಗೊತ್ತು. ಗೇರು ತಪ್ಪಾಗಿ ಹಾಕಿದಾಗ ಬರುವ ಕೆಮ್ಮು.

"ಅಮ್ಮ, ಇವರು ಮೂವತ್ತು ಅಡಿ ದೂರದಲ್ಲಿ ಬ್ರೇಕ್ ಒತ್ತಿದ್ರೆ ನಾನು ಅವತ್ತೇ ಊರಿಗೆಲ್ಲ ಸಿಹಿ ಹಂಚ್ತಿದ್ದೆ," ಎಂದ ನನ್ನ ಮೈದುನ. ವಕೀಲರು ಅವನ ಅಂಗಿ ಜಗ್ಗಿದರು. ಅವನು ಕೈ ಬಿಡಿಸಿಕೊಂಡ. "ನಮ್ಮ ಅತ್ತಿಗೆ ಸುಳ್ಳು ಹೇಳ್ತಿರೋದು ನನ್ನ ಹೊಟ್ಟೆಪಾಡಿಗೆ. ಒತ್ತಿದ್ದು ನಾನೇ. ಅವತ್ತು ರಸ್ತೇಲಿ ಜಂಬಕ್ಕೆ ಹೇಳ್ದೆ. ಇವತ್ತು ಜಂಬ ಇಲ್ಲ. ಮೂವತ್ತೊಂದು ವರ್ಷದಲ್ಲಿ ನನ್ನ ಕಾಲು ಯಾವತ್ತೂ ತಡ ಮಾಡಿಲ್ಲ. ಅವತ್ತು ಒಂದು ಗೇಣು ತಡ ಆಯ್ತು. ಅಲ್ಲಿ ಇದ್ದಿದ್ದು ಪ್ಲಾಸ್ಟಿಕ್ ಟೋಪಿ. ಹೊರಗೆ ಬೆಂಚಿನ ಮೇಲೆ ಒಬ್ರು ಕೂತಿದಾರೆ, ಅವರು ಇದ್ದಿದ್ರೆ?"

ನನ್ನ ವಾರಗಿತ್ತಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದಿದ್ದಳು.

ನ್ಯಾಯಾಧೀಶೆ ಮೊದಲು ನನ್ನ ಕಡೆ ತಿರುಗಿದಳು. "ಅಮ್ಮ, ಸುಳ್ಳು ಸಾಕ್ಷಿಗೂ ಒಂದು ಮೆಟ್ಟಿಲು ಇದೆ. ಮಂಡಿನೋವು ಅಂತ ಆಗಲೇ ಹೇಳಿದ್ರಿ, ಹತ್ತಬೇಡಿ. ಹೋಗಿ ಕೂತ್ಕೊಳ್ಳಿ." ಹೋಗಿ ಕೂತೆ. ಜೀವನದಲ್ಲಿ ಯಾರ ಮಾತನ್ನೂ ಅಷ್ಟು ಬೇಗ ಕೇಳಿದವಳಲ್ಲ ನಾನು.

ಆಮೇಲೆ ಅವನಿಗೆ ಹೇಳಿದಳು. ಅವಳು ಹೇಳಿದ ರೀತಿ ನನಗೆ ಇವತ್ತಿಗೂ ಇಷ್ಟ, ಮಗ್ಗಿ ಹೇಳಿಕೊಟ್ಟ ಹಾಗೆ ಬಿಡಿಸಿ ಹೇಳಿದಳು. "ನಾನು ನೋಡೋದು ಎಷ್ಟು ಕುಡಿದಿದ್ರಿ, ಎಷ್ಟನೇ ಸಲ, ಯಾರಿಗೆ ಏನಾಯ್ತು, ಆಮೇಲೆ ನೀವು ಹೇಗೆ ನಡ್ಕೊಂಡ್ರಿ ಅಂತ. ಅಂಕಿ ಕಡಿಮೆ, ಮೊದಲ ಸಲ, ಕೋನಿಗೆ ಗಾಯ ಇಲ್ಲ. ಇದೆಲ್ಲ ನಿಮ್ಮ ಕಡೆ. ಆದ್ರೆ ನೀವು ಮೇಷ್ಟ್ರು, ಪಕ್ಕದಲ್ಲಿ ಕಲಿಯೋರು ಕೂತಿದ್ರು. ಅದು ನಿಮ್ಮ ವಿರುದ್ಧ. ಕಾಲಡಿ ಬ್ರೇಕ್ ಇದ್ದು ಒತ್ತಿದ ಮೇಲೆ ಗಾಡಿ ಓಡಿಸಿದ್ದು ನೀವೇ. ಮಾಮೂಲಿಗೆ ಆರು ತಿಂಗಳು. ನಿಜ ಹೇಳಿದ್ದಕ್ಕೆ ನಾಲ್ಕು ಮಾಡ್ತೀನಿ. ದಂಡ ಇದೆ. ಹನ್ನೆರಡು ಶನಿವಾರ ಕುಡಿದು ಓಡಿಸಿದವರ ತರಗತಿಗೆ ಹೋಗಬೇಕು. ಸರ್ಟಿಫಿಕೇಟನ್ನ ರದ್ದು ಮಾಡಲ್ಲ, ಲೈಸೆನ್ಸಿನ ಜೊತೆ ಅದೂ ನಾಲ್ಕು ತಿಂಗಳು ಮಲಗಲಿ. ಆದ್ರೆ ಇನ್ನೊಂದು ಸಲ ಇಲ್ಲಿಗೆ ಬಂದ್ರೆ ಅದು ಏಳಲ್ಲ."

"ಬರಲ್ಲಮ್ಮ," ಎಂದ. ಹೊರಗೆ ಬಂದು ಟೈಲರಮ್ಮನಿಗೆ ಮೆಟ್ಟಿಲು ಇಳಿಯಲು ಕೈ ಕೊಟ್ಟ.

ಆ ನಾಲ್ಕು ತಿಂಗಳು ನೋಡಬೇಕಿತ್ತು ನೀನು. ಕಾರಿನಲ್ಲಿ ಕೂತು ಕಲಿಸುವ ಹಾಗಿಲ್ಲ, ಸುಮ್ಮನೆ ಕೂರಲೂ ಆಗದು. ಕೋಣೆಯಲ್ಲಿ ಎರಡು ಕುರ್ಚಿ ಹಾಕಿದ, ಪೆಡಲುಗಳ ಬದಲು ನೆಲಕ್ಕೆ ಮೂರು ಇಟ್ಟಿಗೆ ಇಟ್ಟ, ವಾರಗಿತ್ತಿಯ ಹಳೆಯ ತಟ್ಟೆಯನ್ನು ಸ್ಟೀರಿಂಗ್ ಮಾಡಿದ. ಶಿಷ್ಯರೆಲ್ಲ ತಟ್ಟೆ ಹಿಡಿದುಕೊಂಡು ಎಡಕ್ಕೆ ಬಲಕ್ಕೆ ವಾಲುತ್ತಿದ್ದರು. ಟೈರ್ ಅಂಗಡಿಯವನಿಗೆ ಹೊತ್ತು ಹೋಗುವುದು ಕಷ್ಟವಾಗಲಿಲ್ಲ. "ಮೇಷ್ಟ್ರೇ, ನಿಮ್ಮ ಕುರ್ಚಿಗೆ ಗಾಳಿ ಹಾಕಲಾ?" ಎಂದು ದಿನಾ ಕೇಳುತ್ತಿದ್ದ. ರಸ್ತೆಯ ಪಾಠಕ್ಕೆ ಮಾತ್ರ ನಮ್ಮನ್ನೆಲ್ಲ ಎದುರು ಬೀದಿಯ ಡ್ರೈವಿಂಗ್ ಶಾಲೆಗೆ ಕಳಿಸಿದ. ಇಪ್ಪತ್ತು ವರ್ಷದಿಂದ ಅಲ್ಲಿನ ಮೇಷ್ಟ್ರಿಗೂ ಇವನಿಗೂ ಎಣ್ಣೆ ಸೀಗೇಕಾಯಿ. ಆದರೂ ಆ ಮನುಷ್ಯ ಬೇಡ ಎನ್ನಲಿಲ್ಲ. "ಕಳಿಸಪ್ಪ, ಆಮೇಲೆ ವಾಪಸ್ ಕೊಡ್ತೀನಿ, ಸವೆಸಲ್ಲ," ಎಂದ.

ಅಲ್ಲಿ ನನ್ನ ಮಾನ ಹೋಯಿತು. ಎದುರು ಬೀದಿಯ ಮೇಷ್ಟ್ರು ಕಾಲನ್ನು ಬ್ರೇಕಿನ ಪಕ್ಕದಲ್ಲಿ ಇಟ್ಟುಕೊಂಡು ಕಾಯುವವರು, ಕೊನೇ ಗಳಿಗೆಯವರೆಗೂ ಒತ್ತುವವರಲ್ಲ. ಮೊದಲ ದಿನ ಸಿಗ್ನಲ್ಲಿನ ಹತ್ತಿರ ನಾನು ನಿಲ್ಲಬೇಕು ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಕಾರು ಹೋಗುತ್ತಲೇ ಇತ್ತು. ಇನ್ನೊಂದು ಸಲ ಅಂದುಕೊಂಡೆ. ಆಗಲೂ ಹೋಗುತ್ತಿತ್ತು.

"ಅಮ್ಮ, ಒತ್ತೋದು ಯಾವಾಗ?" ಎಂದರು.

"ಒತ್ತಬೇಕಾ?" ಎಂದೆ.

ಎಂಟು ವಾರ ನಾನು ಒಂದು ಸಲವೂ ಬ್ರೇಕ್ ಒತ್ತಿರಲಿಲ್ಲ, ಗೊತ್ತಾಯಿತಾ? ನಾನೊಬ್ಬಳೇ ಅಲ್ಲ. ಅವನ ಶಿಷ್ಯರು ಯಾಕೆ ಎರಡು ಮೂರು ಸಲ ಫೇಲಾಗುತ್ತಾರೆ ಎಂದು ಊರಿಗೇ ಒಗಟಾಗಿತ್ತು. ಎಲ್ಲರ ಬ್ರೇಕನ್ನೂ ಅವನೇ ಒತ್ತುತ್ತಿದ್ದ. ಇದನ್ನು ಅವನಿಗೆ ಹೇಳುವವರು ಯಾರು? ನಾನೇ ಹೇಳಿದೆ. ಕೈಯಲ್ಲಿದ್ದ ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. "ಹೌದಾ ಅತ್ತಿಗೆ? ಅಷ್ಟೊಂದು ಒತ್ತುತಿದ್ನಾ?" ಎಂದ. ನನ್ನ ಹೆಬ್ಬೆರಳು ತೋರಿಸಿದೆ.

ಶನಿವಾರದ ತರಗತಿಗಳಿಗೆ ಒಂದೂ ತಪ್ಪದೆ ಹೋದ. ಅಲ್ಲಿ ಆ ಸೋಫಾದವನು ಇವನ ಪಕ್ಕದಲ್ಲೇ ಕೂರುತ್ತಿದ್ದನಂತೆ, ಕೊನೆಗೆ ಕಡಿಮೆ ಬೆಲೆಗೆ ಒಂದು ಸೋಫಾ ತಗಲಿಹಾಕಿದ. ಅಗೋ, ವಾರಗಿತ್ತಿಯ ಮನೆಯಲ್ಲಿ ಕೂತರೆ ಕೀರ್ ಎನ್ನುತ್ತದಲ್ಲ, ಅದೇ. ಈ ಗಲಾಟೆಯಲ್ಲಿ ಮುಂದಕ್ಕೆ ಹಾಕಿಸಿಕೊಂಡಿದ್ದ ಪರೀಕ್ಷೆಯನ್ನು ನಾನು ಅಷ್ಟರಲ್ಲಿ ಮೊದಲ ಸಲಕ್ಕೇ ಪಾಸು ಮಾಡಿದೆ. ತಾತ ಕಪ್ಪು ಕನ್ನಡಕ ತೆಗೆದು ಲೈಸೆನ್ಸಿನ ಫೋಟೊ ನೋಡಿ, "ಕಣ್ಣು ಸರಿಯಾದದ್ದೇ ತಪ್ಪಾಯ್ತು," ಎಂದರು.

ಅವನ ನಾಲ್ಕು ತಿಂಗಳು ಮುಗಿದ ದಿನ ಲೈಸೆನ್ಸು, ಸರ್ಟಿಫಿಕೇಟು ಎರಡನ್ನೂ ತರಲು ನಾನೇ ಕರೆದುಕೊಂಡು ಹೋದೆ, ಅದೂ ಅವನ ಬಿಳಿ ಕಾರಿನಲ್ಲೇ. ನಿಂತು ನಿಂತು ಬ್ಯಾಟರಿ ಸತ್ತಿತ್ತು, ಟೈರ್ ಅಂಗಡಿಯವನು ತಳ್ಳಿದ. ವಾಪಸ್ ಬರುವಾಗ ಅವನು ಕವರನ್ನು ಎದೆಗೆ ಅವಚಿಕೊಂಡು ತನ್ನ ಹಳೆಯ ಸೀಟಿನಲ್ಲಿ ಕೂತಿದ್ದ. ಸೇತುವೆಯ ಈಚೆ ಮತ್ತೆ ಅದೇ ಕೋನುಗಳು, ಅದೇ ಇನ್‌ಸ್ಪೆಕ್ಟರಮ್ಮ. ಕೈ ಎತ್ತಿದಳು. ಮೂವತ್ತು ಅಡಿ ದೂರದಲ್ಲಿ ಕಾರು ನಿಧಾನವಾಯಿತು, ಕೋನಿಗೆ ಒಂದು ಮಾರು ಮೊದಲೇ ನಿಂತಿತು.

ಅವಳು ಕಿಟಕಿಗೆ ಬಗ್ಗಿದಳು. ನಾನು ಊದಿದೆ, ಏನೂ ಇಲ್ಲ. ಅವಳು ಅವನ ಕಡೆ ನೋಡಿ, "ಮೇಷ್ಟ್ರೇ, ಈ ಸಲ ಒತ್ತಿದ್ದು ಯಾರು?" ಎಂದಳು.

"ನೀನೇ ನೋಡ್ಕೋಮ್ಮ," ಎಂದ.

ಅವಳು ನೋಡಿದಳು, ನಾನೂ ನೋಡಿದೆ. ಎರಡೂ ಬೂಟು ಬಿಚ್ಚಿ ಕೆಳಗೆ ಜೋಡಿಸಿಟ್ಟಿದ್ದ. ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ, ಬಲಗಾಲನ್ನು ಎಡತೊಡೆಯ ಕೆಳಗೆ ಸಿಕ್ಕಿಸಿಕೊಂಡು, ಅದು ತಪ್ಪಿಸಿಕೊಂಡು ಹೋಗದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ. ಹಣೆಯ ಮೇಲೆ ಬೆವರಿತ್ತು, ಪಾಪ.